ತ್ಯಾಗ ಮಾಡೋ ಹುಡುಗ ಸಾಕು, ಟೈಮ್ ಮಷೀನ್ ಹತ್ತೋ ಹುಡುಗಿ ಬೇಕು

ಹಳೇ ಸಿನಿಮಾಗಳಿಗೆ ಈಗ ಮತ್ತೆ ಸುಗ್ಗಿ. 1991ರಲ್ಲಿ ಬಂದಿದ್ದ ತೆಲುಗಿನ ‘ಆದಿತ್ಯ 369’ ಸಿನಿಮಾವನ್ನು ತೊಳೆದು ಬೆಳಗಿ 2025ರ ಏಪ್ರಿಲ್‌ನಲ್ಲಿ ಮತ್ತೆ ಥೇಟರಿಗೆ ಬಿಟ್ಟರು. ಅದರ ತುಣುಕುಗಳು ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಿಗೂ ಬಂದವು. ಕೆಳಗೆ ನಲವತ್ತು ದಾಟಿದವರ ಮಾತು ಒಂದೇ: ‘ಆ ಕಾಲಾನೇ ಚಂದಿತ್ತು ಬಿಡ್ರಿ. ಈಗಿನ ಹುಡುಗ್ರಿಗೆ ಏನ್ ಗೊತ್ತೈತಿ?’

ನಮ್ಮ ತಕರಾರು ಇರುವುದು ಈ ಮಾತಿನ ಮೇಲೆ.

ಇಂಥ ಸಿನಿಮಾಗಳು ನಮಗೂ ಇಷ್ಟ. ಟೈಮ್ ಮಷೀನ್, ಬೇರೆ ಲೋಕದಿಂದ ಬಂದ ಜೀವಿ, ಸೈಕಲ್ ತುಳಿಯುವ ನಾಲ್ಕು ಹುಡುಗರು, ಕೈಯಲ್ಲೊಂದು ಟಾರ್ಚು ಇದ್ದರೆ ನಾವೂ ಕಣ್ಣು ಮಿಟುಕಿಸದೆ ನೋಡುತ್ತೇವೆ. ಆದರೆ ಯಾಕೆ ಇಷ್ಟ ಅಂತ ಕೇಳಿದರೆ ‘ಹಳೇ ಕಾಲ’ ಅನ್ನುವ ಉತ್ತರ ಸುಳ್ಳು. ಈ ಸಿನಿಮಾಗಳಲ್ಲಿ ಒಂದು ಮಗು ಏನನ್ನೋ ಕಾಣುತ್ತದೆ. ಕಂಡದ್ದನ್ನು ಹೇಳುತ್ತದೆ. ದೊಡ್ಡವರು ನಂಬುವುದಿಲ್ಲ. ಕೊನೆಗೆ ಮಗು ಹೇಳಿದ್ದೇ ನಿಜವಾಗುತ್ತದೆ. ನಮ್ಮನ್ನು ಎಳೆಯುವುದು ಇದು.

ನಮ್ಮ ಊರುಗಳಲ್ಲಿ ಇದು ಆ ಕಾಲದಲ್ಲೂ ಇರಲಿಲ್ಲ, ಈ ಕಾಲದಲ್ಲೂ ಇಲ್ಲ. ಎಂದೂ ಸಿಗದ್ದನ್ನು ತೆರೆ ಮೇಲೆ ಕಂಡಾಗ ಆಗುವ ಹಸಿವಿಗೆ ನಾವು ‘ಹಳೇ ನೆನಪು’ ಅಂತ ಹೆಸರಿಟ್ಟುಕೊಂಡಿದ್ದೇವೆ.

ಊರು ನಮ್ಮದು, ಟೈಮ್ ಮಷೀನ್ ಅವರದು

‘ಆದಿತ್ಯ 369’ ನೋಡದವರಿಗಾಗಿ ಎರಡು ಮಾತು. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮಷೀನ್’ ಕಾದಂಬರಿ ಅವರಿಗೆ ಪ್ರೇರಣೆ. ಮ್ಯೂಸಿಯಂನಲ್ಲಿ ಕೃಷ್ಣದೇವರಾಯನ ಕಾಲದ ವಜ್ರ ಕಳುವಾಗುವುದನ್ನು ಕಣ್ಣಾರೆ ಕಾಣುವವನು ಒಬ್ಬ ಪುಟ್ಟ ಹುಡುಗ. ಆ ಪಾತ್ರ ಮಾಡಿದ್ದು ಬಾಲನಟ ತರುಣ್. ಮುಂದೆ ಒಬ್ಬ ವಿಜ್ಞಾನಿ ಕಟ್ಟಿದ ಯಂತ್ರದಲ್ಲಿ ನಾಯಕ, ನಾಯಕಿ 1526ನೇ ಇಸವಿಗೆ ಹೋಗಿ ಇಳಿಯುತ್ತಾರೆ. ಅಲ್ಲಿಂದ ಸೀದಾ 2504ಕ್ಕೆ.

1526ರಲ್ಲಿ ಅವರು ಇಳಿಯುವುದು ವಿಜಯನಗರಕ್ಕೆ. ಅಂದರೆ ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ಅರ್ಧ ಗಂಟೆಯ ದಾರಿಗೆ. ಇಡೀ ದೇಶದಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದಾಗಿದ್ದ ಟೈಮ್ ಮಷೀನ್ ಬಂದು ನಿಂತಿದ್ದು ನಮ್ಮ ಹೊಳೆದಂಡೆಯ ಊರಿನಲ್ಲಿ.

ಆ ಸಿನಿಮಾ ತಮಿಳಿಗೆ ಡಬ್ ಆಯಿತು, ಹಿಂದಿಗೂ ಡಬ್ ಆಯಿತು. ಕನ್ನಡಕ್ಕೆ ಬರುವ ದಾರಿಯೇ ಇರಲಿಲ್ಲ. ಡಬ್ಬಿಂಗ್ ಬೇಡ ಅಂತ 1960ರ ದಶಕದಿಂದ ನಮ್ಮ ಚಿತ್ರರಂಗ ಬೇಲಿ ಹಾಕಿಕೊಂಡಿತ್ತು. 2015ರಲ್ಲಿ ಕಾಂಪಿಟಿಷನ್ ಕಮಿಷನ್ ಆದೇಶ ಕೊಡುವವರೆಗೂ ಆ ಬೇಲಿ ಗಟ್ಟಿಯಾಗೇ ಇತ್ತು. ಬೇಲಿಗೆ ಕಾರಣವೂ ಇತ್ತು. ಕನ್ನಡದ ಕಲಾವಿದರು, ತಂತ್ರಜ್ಞರು ಉಣ್ಣಬೇಕಿತ್ತು. ಅದನ್ನು ನಾವು ಒಪ್ಪುತ್ತೇವೆ. ಆದರೆ ಬೇಲಿ ಹಾಕಿದ ಮೇಲೆ ಒಳಗೆ ಬೆಳೆ ತೆಗೆಯಬೇಕಲ್ಲ? ಹೊರಗಿನ ಟೈಮ್ ಮಷೀನ್ ಬಿಟ್ಟುಕೊಳ್ಳಲಿಲ್ಲ, ಒಳಗೆ ನಮ್ಮದೂ ಒಂದನ್ನು ಕಟ್ಟಲಿಲ್ಲ. ತೆಲುಗು ಬಲ್ಲ ಬಳ್ಳಾರಿ ಸೀಮೆಯವರು ಹೇಗೋ ನೋಡಿಕೊಂಡರು. ಕನ್ನಡ ಮಾತ್ರ ಬಲ್ಲ ಹುಡುಗರಿಗೆ ತಮ್ಮದೇ ಊರಿಗೆ ಬಂದ ಯಂತ್ರದ ಕಥೆ ಸಿಗಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಸಿಂಗೀತಂ ನಮಗೆ ಹೊರಗಿನವರಲ್ಲ. ‘ಹಾಲು ಜೇನು’, ‘ಚಲಿಸುವ ಮೋಡಗಳು’ ಎರಡನ್ನೂ 1982ರಲ್ಲಿ ಕನ್ನಡದಲ್ಲಿ ಮಾಡಿದವರು ಅವರೇ. 1983ರ ‘ಎರಡು ನಕ್ಷತ್ರಗಳು’ ಚಿತ್ರದಲ್ಲಿ ಪುಟ್ಟ ಪುನೀತ್ ಕೈಲಿ ಜೋಡಿ ಪಾತ್ರ ಮಾಡಿಸಿದವರೂ ಅವರೇ. ನಿರ್ದೇಶಕ ನಮ್ಮಲ್ಲಿದ್ದರು, ಬಾಲನಟ ನಮ್ಮಲ್ಲಿದ್ದ, ಹಂಪಿ ನಮ್ಮಲ್ಲೇ ಇತ್ತು. ಮೂರನ್ನೂ ಜೋಡಿಸುವ ಬುದ್ಧಿ ಯಾರಿಗೂ ಬರಲಿಲ್ಲ.

ಸೈಕಲ್, ಟಾರ್ಚು, ಒಂದು ಗುಟ್ಟು

ಹೊರಗಿನವರು ಏನು ಮಾಡಿದರು ನೋಡಿ. 1982ರಲ್ಲಿ ಅಮೆರಿಕದ ಸ್ಪೀಲ್‌ಬರ್ಗ್ ‘ಇ.ಟಿ.’ ಮಾಡಿದರು. ಬೇರೆ ಲೋಕದ ಜೀವಿಯೊಂದು ದಾರಿ ತಪ್ಪಿ ಬಂದು ಒಬ್ಬ ಹುಡುಗನ ಮನೆ ಸೇರುತ್ತದೆ. ಹುಡುಗ ಅದನ್ನು ಬಚ್ಚಿಡುತ್ತಾನೆ, ಉಣಿಸುತ್ತಾನೆ. 2003ರಲ್ಲಿ ಹಿಂದಿಯವರು ‘ಕೋಯಿ ಮಿಲ್ ಗಯಾ’ ಮಾಡಿದರು. ಬುದ್ಧಿ ಬೆಳೆಯದವನು ಅಂತ ಎಲ್ಲರೂ ಬದಿಗಿಟ್ಟ ಹುಡುಗನೊಬ್ಬ, ಅಪ್ಪ ಬಿಟ್ಟುಹೋದ ಹಳೇ ಕಂಪ್ಯೂಟರಿನಿಂದ ಆಕಾಶಕ್ಕೆ ಕರೆ ಕಳಿಸುತ್ತಾನೆ. ಜಾದೂ ಬಂದಿಳಿಯುತ್ತಾನೆ. 2016ರಲ್ಲಿ ಶುರುವಾದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ 1983ನೇ ಇಸವಿಯ ಅಮೆರಿಕದ ಒಂದು ಸಣ್ಣ ಊರಿನದು. ಕಳೆದುಹೋದ ಗೆಳೆಯನನ್ನು ಅವನ ಜೊತೆಗಾರರು ಸೈಕಲ್ ಮೇಲೆ ಹುಡುಕಿ ಹೊರಡುತ್ತಾರೆ.

1983ರ ಅಮೆರಿಕದ ಊರನ್ನು ಕಂಪ್ಲಿಯ ಹತ್ತನೇ ಕ್ಲಾಸಿನ ಹುಡುಗ ಯಾಕೆ ನೋಡುತ್ತಾನೆ? ಅವನಿಗೂ ಆ ಊರಿಗೂ ಯಾವ ನೆನಪಿನ ನಂಟಿದೆ? ಅವನ ಅಪ್ಪ 1983ರಲ್ಲಿ ಕಬ್ಬಿನ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದಿರಬಹುದು. ನೆನಪೇ ಕಾರಣವಾಗಿದ್ದರೆ ಇವನಿಗೆ ಆ ಕಥೆ ಹಿಡಿಸಲೇಬಾರದು. ಹಿಡಿಸುತ್ತದೆ. ಯಾಕೆಂದರೆ ಅಲ್ಲಿ ಹನ್ನೆರಡು ವರ್ಷದವನ ಮಾತಿಗೆ ತೂಕ ಇದೆ. ಅವನು ‘ನಾನು ನೋಡಿದೆ’ ಅಂದರೆ ಗೆಳೆಯರು ನಂಬುತ್ತಾರೆ. ಊರು ನಂಬದಿದ್ದರೂ ಕಥೆ ನಂಬುತ್ತದೆ.

ಇನ್ನೊಂದು ಮಾತು. ಈ ಸಿನಿಮಾಗಳು ಉಂಡಾಡಿ ಮಕ್ಕಳ ಆಟ ಅಂತ ತಿಳಿಯಬೇಡಿ. ‘ಇ.ಟಿ.’ ಹುಡುಗನ ಅಪ್ಪ ಮನೆ ಬಿಟ್ಟು ಹೋಗಿದ್ದಾನೆ. ‘ಕೋಯಿ ಮಿಲ್ ಗಯಾ’ದ ಹುಡುಗನಿಗೆ ಅಪ್ಪನೇ ಇಲ್ಲ. ನೋವು ಅಲ್ಲೂ ಇದೆ. ಆದರೆ ನೋವಿರುವ ಮಗುವಿಗೂ ಆಕಾಶ ನೋಡುವ ಹಕ್ಕಿದೆ ಅಂತ ಆ ಕಥೆಗಳು ಒಪ್ಪಿಕೊಂಡಿವೆ.

ನಮ್ಮ ಹುಡುಗ ಯಾವಾಗಲೂ ಬಿಟ್ಟುಕೊಡುತ್ತಾನೆ

ಈಗ ನಮ್ಮ ಕಡೆಗೆ ಬನ್ನಿ. ಹೊಸಪೇಟೆಯವರಿಗೆ ಅಪ್ಪು ಅಂದರೆ ಪ್ರಾಣ. 2022ರಲ್ಲಿ ಊರ ನಡುವೆ ಅವರ ಪ್ರತಿಮೆ ನಿಲ್ಲಿಸಿದ ದಿನದ ಜನಸಾಗರ ಮರೆಯುವಂಥದ್ದಲ್ಲ. ಆ ಪ್ರೀತಿಯ ಬೇರು ಬಾಲನಟ ಪುನೀತ್‌ನಲ್ಲಿದೆ. 1985ರ ‘ಬೆಟ್ಟದ ಹೂವು’ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಸಿನಿಮಾ.

ಆ ಕಥೆ ನೆನಪು ಮಾಡಿಕೊಳ್ಳಿ. ಕಾಡು ಬೆಟ್ಟ ಸುತ್ತಿ ಅಪರೂಪದ ಹೂಗಿಡ ಹುಡುಕಿ ವಿದೇಶಿ ಹೆಣ್ಣುಮಗಳೊಬ್ಬರಿಗೆ ತಂದುಕೊಡುವ ಹುಡುಗ. ಯಾವ ಗಿಡ ಎಲ್ಲಿ ಬೆಳೆಯುತ್ತದೆ ಅಂತ ಬಲ್ಲ ಹುಡುಗ. ನಮ್ಮ ಲೆಕ್ಕದಲ್ಲಿ ಅವನು ಅರ್ಧ ವಿಜ್ಞಾನಿ! ಹೂ ಮಾರಿದ ದುಡ್ಡು ಕೂಡಿಟ್ಟು ಒಂದು ಪುಸ್ತಕ ಕೊಳ್ಳುವುದು ಅವನ ಆಸೆ. ಕೊನೆಗೆ ಮನೆಯವರ ಚಳಿಗೆ ಕಂಬಳಿ ಬೇಕಾಗಿ ಪುಸ್ತಕದ ಆಸೆ ಬಿಡುತ್ತಾನೆ. ನಾವೆಲ್ಲ ಅತ್ತೆವು. ಅಳಬೇಕಾದ್ದೇ.

1994ರ ‘ಕೊಟ್ರೇಶಿ ಕನಸು’ ನಮ್ಮ ಸೀಮೆಯದೇ ಕಥೆ. ಬರೆದವರು ಕೊಟ್ಟೂರಿನ ಕುಂ. ವೀರಭದ್ರಪ್ಪ, ನಿರ್ದೇಶನ ನಾಗತಿಹಳ್ಳಿ ಚಂದ್ರಶೇಖರ್. ದಲಿತ ಹುಡುಗನೊಬ್ಬ ಮುಂದೆ ಓದಬೇಕು ಅಂತ ಕಾಣುವ ಕನಸು. ವಿಜಯ್ ರಾಘವೇಂದ್ರಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಇವೆರಡೂ ದೊಡ್ಡ ಸಿನಿಮಾಗಳು. ಅವುಗಳ ಮೇಲೆ ನಮಗೆ ಸಿಟ್ಟಿಲ್ಲ.

ಸಿಟ್ಟು ಆಮೇಲೆ ಆದದ್ದರ ಮೇಲೆ. ಕನ್ನಡದ ಮಕ್ಕಳ ಸಿನಿಮಾ ಅಂದರೆ ಬಡ ಹುಡುಗ, ಹರಿದ ಚಡ್ಡಿ, ಒಳ್ಳೇ ಮೇಷ್ಟ್ರು, ಕೊನೆಗೊಂದು ತ್ಯಾಗ, ಮೇಲೊಂದು ಪ್ರಶಸ್ತಿ ಅನ್ನುವ ಅಚ್ಚು ಬಿದ್ದುಹೋಯಿತು. ನಮ್ಮ ಮಗು ದೊಡ್ಡವನಾಗಬೇಕಾದರೆ ಏನನ್ನಾದರೂ ಬಿಟ್ಟುಕೊಡಬೇಕು. ಹೊರಗಿನವರ ಮಗು ಏನನ್ನಾದರೂ ಕಂಡುಹಿಡಿದು ದೊಡ್ಡವನಾಗುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಊರಿನ ಮಕ್ಕಳ ಎದೆಗೆ ಇಳಿಯುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ನಮಗೆ ಬೇರೆ ದಾರಿ ಗೊತ್ತಿರಲಿಲ್ಲವೇ? ಗೊತ್ತಿತ್ತು. 1977ರಲ್ಲಿ ಮಕ್ಕಳು ಕಾಡಿಗೆ ಹೋಗುವ ‘ನಾಗರಹೊಳೆ’ ಬಂತು. 1979ರಲ್ಲಿ ‘ಪುಟಾಣಿ ಏಜೆಂಟ್ 123’, 1981ರಲ್ಲಿ ‘ಸಿಂಹದ ಮರಿ ಸೈನ್ಯ’. ಮಕ್ಕಳೇ ಮುಂದೆ ನಿಂತು ಓಡಾಡಿದ ಸಿನಿಮಾಗಳು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಿದ್ದರೆ ನಮ್ಮದೇ ಟೈಮ್ ಮಷೀನ್ ಇತ್ತು. ಇಡಲಿಲ್ಲ. 2002ರಲ್ಲಿ ಉಪೇಂದ್ರ ‘ಹಾಲಿವುಡ್’ನಲ್ಲಿ ರೋಬೋ ಆದರು. ಅದು ಸ್ಟಾರ್ ಸಿನಿಮಾ. 2024ರಲ್ಲಿ ಶ್ರೀನಿಧಿ ಬೆಂಗಳೂರು ನಿರ್ದೇಶಿಸಿದ ‘ಬ್ಲಿಂಕ್’ ಕಾಲದ ಹಿಂದೆ ಮುಂದೆ ಓಡಾಡಿತು. ಒಳ್ಳೇ ಪ್ರಯತ್ನ, ಮೆಚ್ಚುತ್ತೇವೆ. ಆದರೆ ಅಲ್ಲೂ ನಾಯಕ ಪ್ರಾಯದ ಹುಡುಗ. ಹನ್ನೆರಡರ ಹುಡುಗಿ ಇನ್ನೂ ಸರದಿಯಲ್ಲಿ ನಿಂತಿದ್ದಾಳೆ.

‘ಹೊಟ್ಟೆಗಿಲ್ಲದವರಿಗೆ ರಾಕೆಟ್ ಯಾಕ್ರೀ?’

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಹಳ್ಳಿ ಮಕ್ಕಳ ಕಷ್ಟ ತೋರಿಸುವುದು ಬಿಟ್ಟು ಆಕಾಶಕ್ಕೆ ಏಣಿ ಹಾಕಬೇಕೇ ಅಂತ.

ಕಷ್ಟ ತೋರಿಸಿ. ಆದರೆ ಕಷ್ಟವನ್ನು ಮಾತ್ರ ತೋರಿಸುವುದು ಯಾರಿಗಾಗಿ? ಬಡ ಹುಡುಗನ ಕಣ್ಣೀರಿನ ಸಿನಿಮಾ ಪೇಟೆಯ ಪ್ರಶಸ್ತಿ ಕಮಿಟಿಗೆ ಹೊಸ ಸುದ್ದಿ ಇರಬಹುದು. ಸಂಡೂರಿನ ಹುಡುಗನಿಗೆ ಅದು ಮನೆಯಲ್ಲೇ ಇದೆ. ಅವನಿಗೆ ಬೇಕಾದದ್ದು ಆ ಮನೆಯಿಂದ ಹೊರಗೆ ಒಂದು ಬಾಗಿಲು.

ಪತ್ರಿಕೆಯವರಾಗಿ ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ತಾಲ್ಲೂಕುಗಳ ಮಕ್ಕಳು ಸುದ್ದಿಯಾಗುವುದು ಎರಡೇ ಸಲ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಬಂದಾಗ, ಇಲ್ಲ ಕಾಲುವೆಗೆ ಬಿದ್ದಾಗ. ನಡುವಿನ ಬದುಕಿನಲ್ಲಿ ಅವರು ಏನು ಕಂಡರು, ಏನು ಕೇಳಿದರು ಅನ್ನುವುದಕ್ಕೆ ಪೇಪರಿನಲ್ಲಿ ಜಾಗ ಇಲ್ಲ, ಸಿನಿಮಾದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.

ಇದು ಬರೀ ಸಿನಿಮಾದ ಮಾತಲ್ಲ. ಹದಿನೈದರ ಹುಡುಗಿ ‘ನನಗೆ ಈಗಲೇ ಮದುವೆ ಬೇಡ’ ಅಂದರೆ ಅವಳ ಮಾತು ಯಾರು ಕೇಳುತ್ತಾರೆ? 1098ಕ್ಕೆ ಫೋನ್ ಮಾಡಿದರೆ ‘ಯಾರೋ ತಲೆ ಕೆಡಿಸ್ಯಾರ’ ಅನ್ನುತ್ತಾರೆ. ‘ಶಾಲೆ ನಲ್ಲಿ ನೀರು ವಾಸನೆ ಬರ್ತೈತಿ’ ಅಂದ ಹುಡುಗನಿಗೆ ‘ಸುಮ್ನಿರಲೇ’ ಅನ್ನುತ್ತಾರೆ. ಮಗುವಿನ ಮಾತಿಗೆ ತೂಕ ಕೊಡದ ಊರು ಮಗು ಗೆಲ್ಲುವ ಕಥೆಯನ್ನೂ ಕಟ್ಟುವುದಿಲ್ಲ. ಅಂಥ ಕಥೆ ಕೇಳದ ಊರಿಗೆ ಮಗುವಿನ ಮಾತು ಕೇಳುವ ಅಭ್ಯಾಸವೂ ಬರುವುದಿಲ್ಲ.

ಯಾರ ಕಾಲ ಚಂದಿತ್ತು?

ಈಗ ‘ಆ ಕಾಲ ಚಂದಿತ್ತು’ ಅನ್ನುವವರ ಲೆಕ್ಕ ಚುಕ್ತಾ ಮಾಡೋಣ. ಆ ಕಾಲದಲ್ಲಿ ಸೈಕಲ್ ಯಾರಿಗಿತ್ತು? ಸಂಜೆ ಯಾರಿಗೆ ಬಿಡುವಿತ್ತು? ಹೊಳೆಗೆ ಈಜಲು ಹೋಗಿ ಕತ್ತಲಾದ ಮೇಲೆ ಮನೆಗೆ ಬಂದರೂ ಬೈಸಿಕೊಳ್ಳದವರು ಯಾರು? ಗಂಡುಹುಡುಗರು. ಅವರಲ್ಲೂ ಉಳ್ಳವರ ಮನೆಯವರು. ಅದೇ ಹೊತ್ತಿಗೆ ಅಕ್ಕ ಬಿಂದಿಗೆ ಹಿಡಿದು ನಲ್ಲಿ ಮುಂದೆ ನಿಂತಿದ್ದಳು, ತಂಗಿ ಕೂಸು ಎತ್ತಿಕೊಂಡಿದ್ದಳು. ಕೇರಿಯ ಹುಡುಗ ದನದ ಹಿಂದಿದ್ದ. ಅವರನ್ನು ಕೂರಿಸಿ ‘ಆ ಕಾಲ ಹೆಂಗಿತ್ತು?’ ಅಂತ ಕೇಳಿ. ನಿಟ್ಟುಸಿರು ಬರುತ್ತದೆ. ಅದು ಬೇರೆ ಥರದ್ದು.

ಸಂಡೂರಿನಲ್ಲಿ ಈಗ ಮೂವತ್ತರ ಆಸುಪಾಸಿನಲ್ಲಿರುವವರ ಬಾಲ್ಯ ಅಂದರೆ ಕೆಂಧೂಳು ಮತ್ತು ಅದಿರು ಲಾರಿ. ಎಲೆ ಕೆಂಪು, ಗೋಡೆ ಕೆಂಪು, ಒಗೆದು ಹಾಕಿದ ಯೂನಿಫಾರಂ ಕೆಂಪು. ಅದಿರು ಒಡೆಯುವ ಕೆಲಸಕ್ಕೆ ಮಕ್ಕಳೂ ಹೋದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಷ್ಟರೊಳಗೆ ಕಣ್ಣೆದುರಿನ ಗುಡ್ಡಗಳು ಕರಗಿದ್ದವು. ಗುಡ್ಡವೇ ಮಾಯವಾಗುವುದನ್ನು ಕಂಡ ಮಕ್ಕಳ ಕಥೆ ಯಾವ ಸಿನಿಮಾಗೆ ಕಡಿಮೆ? ಆ ಮಕ್ಕಳೂ ‘ಗುಡ್ಡ ಸಣ್ಣ ಆಗೈತಿ’ ಅಂತ ಹೇಳಿದ್ದಿರಬಹುದು. ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಅದಕ್ಕೇ ಹೇಳುವುದು, ಹಳೇ ಕಾಲವನ್ನು ಸಕ್ಕರೆ ಪಾಕದಲ್ಲಿ ಅದ್ದಿ ಮಾರಬೇಡಿ. ಟೈಮ್ ಮಷೀನ್ ಹತ್ತಿ ಹಿಂದಕ್ಕೆ ಹೋಗುವುದಾದರೆ ಅಲ್ಲಿ ಏನು ತಪ್ಪಾಯಿತು ಅಂತ ನೋಡಲು ಹೋಗೋಣ.

ನಮ್ಮಲ್ಲಿ ಏನು ಕಡಿಮೆ?

ಕಥೆಗೆ ಸಾಮಗ್ರಿ ಇಲ್ಲ ಅಂತ ಸಿನಿಮಾದವರು ಹೇಳುವಂತಿಲ್ಲ. ಸುಮ್ಮನೆ ಒಂದು ಸುತ್ತು ಬನ್ನಿ.

ಹಂಪಿ ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ ಒಂದು ಕತ್ತಲ ಕೋಣೆ. ಗೋಡೆಯಲ್ಲೊಂದು ಸಣ್ಣ ಕಿಂಡಿ. ಎದುರಿನ ಗೋಡೆ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರ ದಾರಿಯಲ್ಲಿ ಹೋಗುತ್ತದೆ. ಗೋಪುರದ ತುದಿಯಿಂದ ಬಂದ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲೆ ಬೀಳುತ್ತದೆ. ಕ್ಯಾಮೆರಾದ ಮೂಲ ಪಾಠ ಇದೇ. ಸಿನಿಮಾ ಅನ್ನುವ ಕಲೆಯ ಬೀಜ ನಮ್ಮ ಗುಡಿಯ ಗೋಡೆ ಮೇಲೆ ದಿನಾ ಮೂಡುತ್ತಿದೆ, ನಾವು ಕೈ ಮುಗಿದು ಸೆಲ್ಫಿ ತೆಗೆದುಕೊಂಡು ಬರುತ್ತೇವೆ.

ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿಗುಡ್ಡೆ ಇದೆ. ವಾಲಿಯನ್ನು ಸುಟ್ಟ ಜಾಗ ಅಂತ ಹಿರಿಯರು ಹೇಳುತ್ತಾರೆ. ಕುಡತಿನಿಯಲ್ಲೂ ಅಂಥದ್ದೇ ಒಂದಿದೆ. ಸಾವಿರಾರು ವರ್ಷದ ಹಿಂದಿನ ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಗುರುತು ಅಂತ ಪುರಾತತ್ವದವರು ಹೇಳುತ್ತಾರೆ. ಅಜ್ಜಿಯ ಕಥೆಯೂ ಇರಲಿ, ಅಗೆದು ನೋಡಿದವರ ಕಥೆಯೂ ಇರಲಿ. ಎರಡನ್ನೂ ಕೇಳಿ ‘ಹಂಗಾದ್ರ ಯಾಕ ಸುಟ್ಟರು?’ ಅಂತ ಕೇಳುವ ಹುಡುಗಿ ಇದ್ದರೆ ಸಾಕು, ಸಿನಿಮಾ ಶುರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇದರ ಚೈನು ಕಡಿದು ಗೇಟು ಕೊಚ್ಚಿ ಹೋಯಿತು. ಹರಿಯುವ ನೀರಿನಲ್ಲೇ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಕೆಲಸಗಾರರು ಸುಮಾರು ಒಂದು ವಾರದಲ್ಲಿ ಆ ಬಾಯಿಗೆ ಕಬ್ಬಿಣದ ತಡೆ ಇಳಿಸಿದರು. ಹೊಳೆ ತುಂಬಿದರೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ ಅಂತ ಅಲ್ಲಿಯ ಮಕ್ಕಳಿಗೆ ಗೊತ್ತು. ಆ ರಾತ್ರಿ ಕಂಪ್ಲಿ ದಂಡೆಯಲ್ಲಿ ನಿದ್ದೆಗೆಟ್ಟು ನೀರಿನ ಮಟ್ಟ ಅಳೆಯುವ ಮೂವರು ಮಕ್ಕಳನ್ನು ಊಹಿಸಿ. ಯಾವ ಹಾಲಿವುಡ್ ಬೇಕು?

ಇಷ್ಟಿದ್ದೂ ಹಂಪಿಗೆ ಬರುವ ಕ್ಯಾಮೆರಾ ಕಲ್ಲನ್ನು ಮಾತ್ರ ಹಿಡಿದುಕೊಂಡು ಹೋಗುತ್ತದೆ. 2005ರ ‘ದಿ ಮಿಥ್’ಗಾಗಿ ಜಾಕಿ ಚಾನ್ ಕೂಡ ಬಂದು ಹೋದರು. ಹಂಪಿ ಹಿನ್ನೆಲೆ, ನಮ್ಮ ಮಕ್ಕಳು ಹಗ್ಗದಾಚೆ ಶೂಟಿಂಗ್ ನೋಡುವ ಗುಂಪು. 2024ರಲ್ಲಿ ತೆಲುಗಿನ ‘ಹನುಮಾನ್’ ಬಂತು. ಅದರ ಕಾಲ್ಪನಿಕ ಊರಿನ ಹೆಸರು ಅಂಜನಾದ್ರಿ, ನಮ್ಮ ಹೊಳೆಯಾಚೆಗಿನ ಬೆಟ್ಟದ ಹೆಸರು. ನೋಡಲು ಮಜವಾಗಿದೆ. ಆದರೆ ಅಲ್ಲಿ ಹುಡುಗನಿಗೆ ಶಕ್ತಿ ಬರುವುದು ಒಂದು ಮಣಿಯಿಂದ. ಮಣಿ ಕೈ ಬಿಟ್ಟರೆ ಅವನು ಮೊದಲಿನ ಹುಡುಗನೇ. ಪ್ರಶ್ನೆ ಕೇಳುವ ತಲೆ ಹಾಗಲ್ಲ, ಅದನ್ನು ಯಾರೂ ಕಿತ್ತುಕೊಳ್ಳಲಾಗುವುದಿಲ್ಲ.

ನಮ್ಮ ಕೇಳಿಕೆ

ಸಿನಿಮಾದವರೇ, ಮುಂದಿನ ಮಕ್ಕಳ ಚಿತ್ರದಲ್ಲಿ ಮಗುವಿನ ಕೈಯಿಂದ ಏನನ್ನೂ ಕಿತ್ತುಕೊಳ್ಳಬೇಡಿ. ಒಂದು ಟಾರ್ಚು ಕೊಡಿ. ನಾಯಕಿ ಕಂಪ್ಲಿಯವಳಾಗಿರಲಿ, ಸಂಡೂರು ತಾಂಡಾದವಳಾಗಿರಲಿ, ನಮ್ಮ ಮಾತೇ ಆಡಲಿ.

ಸರ್ಕಾರದವರೇ, ಮಕ್ಕಳ ಸಿನಿಮಾಗೆ ಸಹಾಯಧನ ಕೊಡುತ್ತೀರಿ, ಸಂತೋಷ. ಆ ಸಿನಿಮಾ ತಾಲ್ಲೂಕಿನ ಮಕ್ಕಳಿಗೆ ತೋರಿಸಿದ ಮೇಲೆ ಕೊನೇ ಕಂತು ಬಿಡುಗಡೆ ಮಾಡಿ. ಮಕ್ಕಳೇ ನೋಡದ ಮಕ್ಕಳ ಸಿನಿಮಾ ಯಾರಿಗೆ?

ಮೇಷ್ಟ್ರೇ, ಟೀಚರಮ್ಮನವರೇ, ಹಂಪಿ ಪ್ರವಾಸದಲ್ಲಿ ರಾಜರ ಇಸವಿ ಬರೆಸುವುದರ ಜೊತೆಗೆ ಬಿಸಿಲಿರುವ ಹೊತ್ತಿಗೆ ಆ ಕತ್ತಲ ಕೋಣೆಗೂ ಕರೆದುಕೊಂಡು ಹೋಗಿ. ಮರುದಿನ ಶಾಲೆಯಲ್ಲಿ ರಟ್ಟಿನ ಡಬ್ಬಿಗೆ ಸೂಜಿಯಿಂದ ತೂತು ಮಾಡಿಸಿ, ಎದುರಿಗೆ ಎಣ್ಣೆ ಸವರಿದ ಹಾಳೆ ಅಂಟಿಸಿ. ಬೇವಿನ ಮರ ತಲೆಕೆಳಗಾಗಿ ಕಾಣುತ್ತದೆ. ಖರ್ಚು ಹತ್ತು ರೂಪಾಯಿ ದಾಟುವುದಿಲ್ಲ.

ಅಪ್ಪ ಅಮ್ಮಂದಿರೇ, ನಿಮಗೆ ಕೇಳುವುದು ಇನ್ನೂ ಸಣ್ಣದು. ಇದನ್ನು ಓದುತ್ತಿರುವ ಹೊತ್ತಿನಲ್ಲೇ ನಿಮ್ಮ ಮಗಳು ಬಂದು ‘ಅಪ್ಪಾ, ಅಲ್ಲೇನೋ ಐತಿ, ನಾನು ನೋಡಿದೆ’ ಅಂದರೆ ಫೋನು ಕೆಳಗಿಡಿ. ‘ಏನಿಲ್ಲ, ಹೋಗಿ ಓದ್ಕ’ ಅನ್ನಬೇಡಿ. ಎದ್ದು ಅವಳ ಹಿಂದೆ ಹೋಗಿ ನೋಡಿ.